ಅತ್ತೆ ಕಟ್ಟಿಕೊಟ್ಟ ಹಗುರ ಬುತ್ತಿ

ನಾವಿಕರ ವಸತಿಗೃಹ, ಮೂರನೆಯ ಮಹಡಿ
ಮಾರ್ಚ್ 9, ಸೋಮವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಹಡಗಿನ ಅಳಿಯನ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಕಾರ್ಖಾನೆಯ ಶೀತಲ ಕೋಣೆಗೆ ಹೋಗುವಾಗಲಾದರೂ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀರಾ, ಇಲ್ಲ ಹೊಸದು ಹಾಳಾಗುತ್ತದೆಂದು ಬೀರುವಿನಲ್ಲೇ ಇಟ್ಟಿದ್ದೀರಾ? ನಾನು ಚೆನ್ನಾಗಿದ್ದೇನೆ. ಮೂರು ಕೇಜಿ ಇಳಿದಿದ್ದೇನೆ, ಅಷ್ಟೆ. ನಿಮ್ಮ ಮಗಳು ಫೋನಿನಲ್ಲಿ ಅದನ್ನು ಕೇಳಿ ಸಂತೋಷವನ್ನೇ ಪಟ್ಟಳು! ಅವಳಿಗೆ ನಾನು "ಹಡಗು ಕೆಟ್ಟಿತ್ತು, ಎಳ್ಕೊಂಡು ಬಂದ್ರು" ಎಂದಷ್ಟೇ ಹೇಳಿದ್ದೇನೆ. ನಿಮಗೆ ಮಾತ್ರ ಪೂರ್ತಿ ಬರೆಯಬೇಕು ಅನ್ನಿಸಿತು, ಏಕೆಂದರೆ ನಾವು ಆರು ಜನ ಇವತ್ತು ನೆಲದ ಮೇಲೆ ಗಟ್ಟಿಯಾಗಿ ನಿಂತಿರುವುದು ನಿಮ್ಮಿಂದ.

ಸಮುದ್ರದ ಆಳ ಅಳೆಯುವ ನಮ್ಮ ಹಡಗು ಚಿಕ್ಕದು. ಕ್ಯಾಪ್ಟನ್, ಇಂಜಿನಿಯರ್, ಅಳತೆ ಮಾಡುವ ಇಬ್ಬರು ಹೆಣ್ಣುಮಕ್ಕಳು, ಎಲ್ಲರೂ ಮೀಸೆಮಾವ ಎಂದು ಕರೆಯುವ ಹಿರಿಯ ನಾವಿಕ, ಅಡುಗೆಗೆ ನಾನು. ಹೊರಟ ಹನ್ನೊಂದನೆಯ ದಿನ ಗಾಳಿ ಎದ್ದಿತು. ಒಂದು ಅಲೆ ಹಿಂದಿನ ಬಾಗಿಲನ್ನು ಮುರಿದು ಕೆಳಗೆ ನುಗ್ಗಿತು. ಇಂಜಿನ್ ನಿಂತುಹೋಯಿತು. ಬ್ಯಾಟರಿ ರೇಡಿಯೊಗೂ ನಾಲ್ಕು ದೀಪಕ್ಕೂ ಸಾಕಾಗುವಷ್ಟೇ ಇತ್ತು. ಎಳೆದೊಯ್ಯುವ ಹಡಗು ಬರಲು ಆರು ದಿನ ಬೇಕೆಂದರು. ನಾನು ಟಾರ್ಚ್ ಹಿಡಿದು ಉಗ್ರಾಣಕ್ಕೆ ಇಳಿದರೆ ಸೊಂಟದವರೆಗೆ ಉಪ್ಪುನೀರು! ಹಿಟ್ಟಿನ ಮೂಟೆಗಳು ಅಂಟಾಗಿದ್ದವು, ಅಕ್ಕಿ ಡೀಸೆಲ್ ನಾರುತ್ತಿತ್ತು. ಫ್ರೀಜರಿನ ಮಾಂಸವನ್ನು ಮೂರನೆಯ ದಿನ ಮೂಗು ಮುಚ್ಚಿಕೊಂಡು ಸಮುದ್ರಕ್ಕೆ ಎಸೆದೆವು. ಉಗ್ರಾಣದ ಆ ಕೊಳಕು ನೀರಿನ ಮೇಲೆ, ಏನೂ ಆಗಿಲ್ಲವೆಂಬಂತೆ, ಹೊರಡುವಾಗ ನೀವು ಕಟ್ಟಿಕೊಟ್ಟ ಪೆಟ್ಟಿಗೆ ಬಾತುಕೋಳಿಯ ಹಾಗೆ ತೇಲುತ್ತಿತ್ತು.

ಅತ್ತೆ, ಅದನ್ನು ನಾನೆಷ್ಟು ಹಳಿದಿದ್ದೆ! ಲೇಬಲ್ ಓರೆಯಾಯಿತೆಂದು ಕಾರ್ಖಾನೆಯವರು ನಿಮಗೆಲ್ಲ ಹಂಚಿದ ಒಣ ಆಹಾರದ ಪೊಟ್ಟಣಗಳನ್ನು ನೀವು ತಿಂಗಳುಗಟ್ಟಲೆ ನನಗೋಸ್ಕರ ಕೂಡಿಟ್ಟಿದ್ದಿರಿ. ನಾನೋ, "ಬಿಸಿಬಿಸಿ ಅಡುಗೆ ಮಾಡೋನಿಗೆ ಈ ಹೊಟ್ಟು ಯಾಕತ್ತೆ?" ಅಂದುಬಿಟ್ಟೆ. ನೀವು ಮುಖ ಬಾಡಿಸದೆ, "ಇರ್ಲಿ ಬಿಡಪ್ಪ, ಒಂದು ಮೂಲೇಲಿ ಬಿದ್ದಿರುತ್ತೆ. ಅದಕ್ಕೇನು ನೀನು ಊಟ ಹಾಕ್ಬೇಕಾ?" ಎಂದಿರಿ. ಕೊನೆಗೆ ಅದೇ ನಮಗೆ ಊಟ ಹಾಕಿತು.

ಪೊಟ್ಟಣಗಳ ಒಳಗೆ ಒಂದು ಹನಿ ನೀರೂ ಹೋಗಿರಲಿಲ್ಲ. ಇಂಜಿನಿಯರ್ ಒಂದು ಬಟಾಣಿ ಕಾಳನ್ನು ಬಾಯಿಗೆ ಹಾಕಿಕೊಂಡು, "ಇದು ಥರ್ಮಾಕೋಲ್ ಕಣಯ್ಯಾ" ಎಂದು ಗೊಣಗಿದ. ಮೇಲಿನ ತೊಟ್ಟಿಯಲ್ಲಿ ಕುಡಿಯುವ ನೀರಿತ್ತು, ಸಿಲಿಂಡರಿನಲ್ಲಿ ಗ್ಯಾಸ್ ಇತ್ತು. ನೀರು ಕಾಯಿಸಿ ಸುರಿದು ಮುಚ್ಚಿಟ್ಟೆ. ಹತ್ತು ನಿಮಿಷಕ್ಕೆ ಅನ್ನ ಅರಳಿತು, ಬಟಾಣಿ ಹಸಿರಾಗಿ ಉಬ್ಬಿತು, ಕೋಳಿ ತುಂಡುಗಳಿಗೆ ಎಳೆ ಎಳೆಯಾಗಿ ಜೀವ ಬಂತು. ಇಂಜಿನಿಯರ್ ತಟ್ಟೆ ನೆಕ್ಕಿದ. ಇದು ಹೇಗೆ ಸಾಧ್ಯವೆಂದು ಕ್ಯಾಪ್ಟನ್ ಕೇಳಿದಾಗ ನಾನು ದೊಡ್ಡ ಪಂಡಿತನಂತೆ ನಿಮ್ಮ ಮಾತನ್ನೇ ಒಪ್ಪಿಸಿದೆ. ನನಗೆ ಕಾರ್ಖಾನೆ ತೋರಿಸಿದ ದಿನ ಯಂತ್ರದ ಗಾಜಿನ ಕಿಟಕಿಯ ಮುಂದೆ ಬಿಳಿ ಟೋಪಿ ಹಾಕಿಕೊಂಡು ನಿಂತು ಹೇಳಿದ್ದಿರಲ್ಲ: "ಮೊದ್ಲು ಮೂಳೆ ಕೊರೆಯೋ ಚಳೀಲಿ ಗಟ್ಟಿ ಮಾಡ್ತೀವಿ. ಆಮೇಲೆ ಒಳಗಿನ ಗಾಳಿ ಎಲ್ಲಾ ಹೀರಿ ತೆಗೀತೀವಿ. ಆಗ ಒಂಚೂರು ಶಾಖ ಕೊಟ್ರೆ ಮಂಜುಗಡ್ಡೆ ನೀರಾಗೋದೇ ಇಲ್ಲ, ನೇರ ಆವಿಯಾಗಿ ಹೋಗುತ್ತೆ. ಬಟ್ಟೆ ಮಧ್ಯೆ ಇಟ್ಟ ನುಸಿಗುಳಿಗೆ ಸವೆಯಲ್ವಾ, ಹಾಗೆ." ಬಿಸಿಲಿಗಿಟ್ಟರೆ ಸುಕ್ಕಾಗುವ ಪದಾರ್ಥ ಇದರಲ್ಲಿ ಆಕಾರ ಬಿಡುವುದಿಲ್ಲ, ಮಂಜು ಇದ್ದ ಜಾಗವೆಲ್ಲ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ, ಅದಕ್ಕೇ ಅಷ್ಟು ಬೇಗ ನೀರು ಕುಡಿಯುತ್ತದೆ ಎಂದಿದ್ದಿರಿ. ಬಣ್ಣ, ರುಚಿ, ಸತ್ವ ಬಹುಪಾಲು ಹಾಗೇ ಇರುತ್ತದೆ, ಫ್ರಿಜ್ ಬೇಡ, ವರ್ಷಗಟ್ಟಲೆ ಕೆಡದು ಎಂದೂ ಹೇಳಿದ್ದಿರಿ. ಆಗ ನಾನು ಆಕಳಿಸುತ್ತಿದ್ದೆ. ಒಂದು ಎಚ್ಚರಿಕೆಯನ್ನಂತೂ ಕಿವಿಗೇ ಹಾಕಿಕೊಂಡಿರಲಿಲ್ಲ: ಬಿಚ್ಚಿದ ಪೊಟ್ಟಣವನ್ನು ಹಾಗೇ ಬಿಟ್ಟಿದ್ದಕ್ಕೆ, ಮಾರನೆಯ ಬೆಳಿಗ್ಗೆ ಉಳಿದ ಬಟಾಣಿಯೆಲ್ಲ ತೇವ ಎಳೆದುಕೊಂಡು ಮೆತ್ತಗಾಗಿತ್ತು.

ಅಳತೆಯವರಲ್ಲಿ ಚಿಕ್ಕವಳ ಕಥೆ ಹೇಳಲೇಬೇಕು. ಹಡಗಿನ ಹೊಯ್ದಾಟಕ್ಕೆ ಎರಡು ದಿನ ಅವಳ ಹೊಟ್ಟೆಯಲ್ಲಿ ಏನೂ ನಿಂತಿರಲಿಲ್ಲ, ಗುಟುಕು ನೀರು ಕುಡಿದರೂ ವಾಂತಿ. ತುಟಿ ಬೆಳ್ಳಗಾಗಿತ್ತು. ನಿಮ್ಮ ಸ್ಟ್ರಾಬೆರಿಯ ಒಂದು ಬಿಲ್ಲೆಯನ್ನು ಒಣಗಿದ ಹಾಗೇ ನಾಲಿಗೆಯ ಮೇಲಿಟ್ಟೆ. ಅದು ಕರಗಿತು. ಇನ್ನೊಂದಕ್ಕೆ ಕೈ ಚಾಚಿದಳು. "ಇದು ಹಣ್ಣೇ... ನಿಜವಾಗ್ಲೂ ಹಣ್ಣು" ಅಂತ ಅಳುವುದಕ್ಕೆ ಶುರುಮಾಡಿದಳು. ಆಮೇಲೆ ಸ್ವಲ್ಪ ಸ್ವಲ್ಪ ನೀರೂ ನಿಂತಿತು. ನಾನು ಒಲೆಯ ಕಡೆ ತಿರುಗಿ ಸುಮ್ಮನೆ ಪಾತ್ರೆ ಉಜ್ಜುತ್ತಾ ನಿಂತೆ.

ಪೆಟ್ಟಿಗೆ ಬರಿದಾಗುತ್ತಾ ಬಂದು ಕೊನೆಯ ಎರಡು ದಿನ ಮಾತ್ರ ಕಷ್ಟವಾಯಿತು. ಒಬ್ಬರಿಗೆ ಅರ್ಧ ಬಟ್ಟಲು, ಅದೂ ದಿನಕ್ಕೊಂದು ಸಲ. ಮೀಸೆಮಾವ ತಮ್ಮದನ್ನು ಆ ಹುಡುಗಿಯ ಕಡೆ ತಳ್ಳಿ, "ನಂಗ್ಯಾಕೋ ಹಸಿವಿಲ್ಲ" ಎಂದು ಮೀಸೆ ಒರೆಸಿಕೊಂಡರು. ಏಳನೆಯ ಬೆಳಿಗ್ಗೆ ಎಳೆಯುವ ಹಡಗು ಕಾಣಿಸಿತು. ದಡ ಸೇರಿದ ಮೇಲೆ ಎಲ್ಲರೂ ನನ್ನ ಕೈ ಕುಲುಕಿದರು, ನನಗೆ ನಾಚಿಕೆಯಾಯಿತು. ಆ ಕೈಕುಲುಕುಗಳೆಲ್ಲ ನಿಮಗೆ ಸೇರಿದವು, ಈ ಪತ್ರದ ಜೊತೆ ಕಳಿಸಿದ್ದೇನೆಂದು ತಿಳಿಯಿರಿ. ಯಂತ್ರದ ಮುಂದೆ ಪಾಳಿಗೆ ನಿಲ್ಲುವ ನಿಮ್ಮ ಗೆಳತಿಯರಿಗೂ ಹೇಳಿ: ಅವರು ಮುದ್ರೆ ಹಾಕಿದ ಒಂದು ಪೊಟ್ಟಣವೂ ಸೋರಲಿಲ್ಲ.

ಕಾಲುಚೀಲ ಮರೆಯಬೇಡಿ. ಮಾವನವರಿಗೂ ನನ್ನ ನೆನಪು ಹೇಳಿ.

ಜನ್ಮವಿಡೀ ನಿಮ್ಮ ಋಣದಲ್ಲಿರುವ,
ಅಳಿಯ

ಮರೆತ ಮಾತು: ಮರೆತದ್ದಲ್ಲ ಅತ್ತೆ, ಬರೆಯಲು ಕೈ ಬರಲಿಲ್ಲ. ನೀವು ಕೊಟ್ಟದ್ದು ಎರಡು ಪೆಟ್ಟಿಗೆ. ಎರಡನೆಯದನ್ನು ನಾನು ಹಡಗಿಗೆ ಹತ್ತಿಸಲೇ ಇಲ್ಲ. ಅಡುಗೆಯವನ ಮರ್ಯಾದೆ ಹೋಗುತ್ತದೆಂದು ಬಂದರಿನ ಗೋದಾಮಿನಲ್ಲೇ ಬಿಟ್ಟುಹೋಗಿದ್ದೆ. ಇವತ್ತು ಬೆಳಿಗ್ಗೆ ಹೋಗಿ ನೋಡಿದರೆ ಹಾಗೇ ಇತ್ತು, ಒಂದು ಕಾಳೂ ಕೆಟ್ಟಿಲ್ಲ. ಹೊತ್ತು ತಂದು ಮೀಸೆಮಾವನ ಮುಂದಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಆಮೇಲೆ ಒಂದು ಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟು, "ಹೋಗು, ನೀರು ಕಾಯ್ಸು" ಎಂದರು.