ಮೂರು ಗೆರೆಯ ಗುಬ್ಬಿ

ದಾವಣಗೆರೆ, ಮಂಗಳವಾರ, 11-3-1958

ಮಹಾಸಭಿಕರೇ, ನಮ್ಮ ಮಿಲ್ಲಿನ ಸೀರೆಗೆ ನಾನು ಬರೆದ ಗುರುತಿನ ಛಾಪು ಸೋತಿತು. ಸಿಂಹ, ತಕ್ಕಡಿ, ಉದಯಸೂರ್ಯ, ಕೆಳಗೆ 'ಎಳೆದರೆ ಹರಿಯದು, ತೊಳೆದರೆ ಕಳೆಯದು' ಎಂಬ ಪ್ರಾಸ. ಬಿ.ಎ. ಓದಿದವನ ಕೆಲಸ! ಗೆದ್ದಿದ್ದು ಬೋರ್ಡು ಬರೆಯುವ ಅಂಜಿನಪ್ಪನ ಮೂರು ಗೆರೆಯ ಗುಬ್ಬಿ.

ಮಿಲ್ಲಿನ ಸಾಹುಕಾರ ಮುರುಗೇಶಪ್ಪನವರು ಸೀರೆ ಕೊಳ್ಳಲು ಬಂದಿದ್ದ, ಓದು ಬಾರದ ದುರುಗವ್ವನಿಗೆ ಎರಡನ್ನೂ ತೋರಿಸಿ ಮುಚ್ಚಿಟ್ಟರು. "ಈಗ ನೆಲದ ಮ್ಯಾಲೆ ಬರಿಯವ್ವ" ಅಂದರು. ಆಕೆ ಧೂಳಿನಲ್ಲಿ ಬೆರಳಾಡಿಸಿ ಗುಬ್ಬಿ ಬರೆದಳು.

"ಇನ್ನೊಂದು?"

"ಅದ್ರಾಗೆ ಸಂತೆನೇ ಐತಲ್ರೀ, ಯಾವುದಂತ ಬರೀಲಿ?"

ಎಲ್ಲರೂ ನಕ್ಕರು. ಅಂಜಿನಪ್ಪ ಮಾತ್ರ ನಗಲಿಲ್ಲ. ಅದಕ್ಕೇ ನನ್ನ ಹೊಟ್ಟೆ ಹೆಚ್ಚು ಉರಿಯಿತು.

ಮೂರು ಗೆರೆಗೆ ಇಷ್ಟು ಮೆರವಣಿಗೆಯೇ, ಸಭಿಕರೇ?

ಸಭಿಕರೂ ಇಲ್ಲ, ಸುಡುಗಾಡೂ ಇಲ್ಲ. ಈಗಷ್ಟೇ ಕಣ್ಣು ಮುಚ್ಚಿ ನನ್ನ ಸಿಂಹವನ್ನು ಬರೆಯಲು ಕೂತೆ. ಕೈ ಗುಬ್ಬಿಯನ್ನೇ ಬರೆಯಿತು.