ಗೆದ್ದವನ ಏಳು ತಲೆಮಾರು

ತಾಷ್-ಬೆಲ್
ಜೂನ್ 24

ಬುರುಲಕ್ಕನಿಗೆ,

ನೀನು, ಭಾವ, ಮಕ್ಕಳು, ಕುರಿಗಳು, ಕುದುರೆಗಳು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಹುಲ್ಲುಗಾವಲಿಗೆ ನೀವು ಹೋದ ಮೇಲೆ ಇದೇ ಮೊದಲ ಕಾಗದ. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಅಲ್ಲಿ ಫೋನು ಸಿಗುವುದಿಲ್ಲ, ಬೆಟ್ಟಕ್ಕೆ ಬರುವವರೂ ಇರಲಿಲ್ಲ.

ನಿನ್ನಿಂದ ಮುಚ್ಚಿಟ್ಟಿದ್ದ ಒಂದು ವಿಷಯ ಮೊದಲು ಹೇಳಿಬಿಡುತ್ತೇನೆ. ಶಾಲೆ ಬಿಟ್ಟ ಮೇಲೆ ದಿನವಿಡೀ ಟೈರ್ ಅಂಗಡಿಯಲ್ಲಿರುತ್ತೇನೆ ಎಂದು ನೀನು ತಿಳಿದಿದ್ದೀಯ. ಇರುತ್ತಿದ್ದುದು ಮಧ್ಯಾಹ್ನದವರೆಗೆ. ಆಮೇಲೆ ಕಾಲೇಜಿನ ಹಿಂದಿನ ಹಳೇ ಕುರಿದೊಡ್ಡಿಯಲ್ಲಿ ಅಸಾನಣ್ಣನ ಹತ್ತಿರ, ಎದುರಾಳಿಯ ನಡುಪಟ್ಟಿ ಹಿಡಿದು ಆಡುವ ಕುಸ್ತಿ ಕಲಿಯುತ್ತಿದ್ದೆ. ಕುಸ್ತಿ ಅನ್ನ ಹಾಕುತ್ತದೆಯೇ ಎಂದು ನೀನು ಕೇಳುತ್ತೀಯೆಂದು ಹೇಳಿರಲಿಲ್ಲ.

ಈ ವರ್ಷ ಅನ್ನ ಹಾಕುವ ಹಾಗೇ ಇತ್ತು. ನಮ್ಮ ಕಾಲೇಜಿನಲ್ಲಿ ಕುಸ್ತಿ ವಿಭಾಗ ಶುರುಮಾಡಲು ಸರ್ಕಾರ ಹಣ ಕೊಡುವುದೆಂದು ಸುದ್ದಿ ಬಂತು. ಇಷ್ಟು ವರ್ಷ ಸಂಬಳವಿಲ್ಲದೆ ಕಲಿಸಿದ ಅಸಾನಣ್ಣನಿಗೆ ನೌಕರಿ, ಒಣಹುಲ್ಲಿನ ಬದಲು ನಿಜವಾದ ಹಾಸು. ನನ್ನಂತೆ ಶಾಲೆ ಬಿಟ್ಟವರನ್ನೂ ಆಟದ ಆಧಾರದ ಮೇಲೆ ಸೇರಿಸಿಕೊಳ್ಳುವ ನಿಯಮವಿತ್ತು. ಆದರೆ ಅಧಿಕಾರಿಗಳು ಬಂದಾಗ ಈಗಿನ ವಿದ್ಯಾರ್ಥಿಗಳೇ ಕುಸ್ತಿ ಆಡಿ ತೋರಿಸಬೇಕು. ನಮ್ಮ ವಿದ್ಯಾರ್ಥಿಗಳು ಹಾಜರಿಯಲ್ಲಿದ್ದಾರೆ, ಮೈ ಮಾತ್ರ ರಷ್ಯಾದಲ್ಲಿ ಇಟ್ಟಿಗೆ ಹೊರುತ್ತಿದೆ. ತಂಡಕ್ಕೆ ಒಬ್ಬ ಕಡಿಮೆ ಬಿದ್ದ.

ಪ್ರಾಂಶುಪಾಲೆ ಸೈರಗುಲ್ ನನ್ನನ್ನು ಕರೆಸಿದರು. "ಒಂದಿನ ನಮ್ಮ ಹಾಜರಿಯಲ್ಲಿರೋ ತಲಾಂತ್ ಆಗಪ್ಪ. ಅವನೇನು ಮಾಸ್ಕೋದಿಂದ ಬಂದು ಜಗಳ ಮಾಡ್ತಾನಾ?"

"ಕುಸ್ತಿ ಆಡ್ತೀನಿ. ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳಲ್ಲ," ಎಂದೆ.

"ಯಾರೂ ಕೇಳಲ್ಲ ಕಣೋ. ಮಾಂಸ ತಿಂದು ಹೋಗ್ತಾರೆ."

ಅಸಾನಣ್ಣ ನೆಲ ನೋಡುತ್ತಾ ನಿಂತಿದ್ದ.

ಅಧಿಕಾರಿಗಳು ಬಂದರು. ಕುರಿ ಕಡಿದಾಗಿತ್ತು, ಕಾಗದಗಳು ಸರಿಯಿದ್ದವು. ಕೊನೆಯ ಕುಸ್ತಿ ನಾನು ಗೆದ್ದೆ. ಜೊತೆಗೆ ಬಂದಿದ್ದ ಬಿಳಿಗಡ್ಡದ ಹಿರಿಯರೊಬ್ಬರು ಎದ್ದು ಕೈ ಚಾಚಿದರು. "ಬಾ ಮಗನೇ. ನಿನ್ನ ಏಳು ತಲೆಮಾರು ಹೇಳು. ಅವರನ್ನೂ ಸೇರಿಸಿ ಹರಸ್ತೀನಿ."

ನಮ್ಮಲ್ಲಿ ಗೆದ್ದವನನ್ನು ಹಿರಿಯರು ಕೇಳದೆ ಬಿಡುವುದುಂಟೇ? ಆದರೂ ನಮ್ಮಲ್ಲಿ ಒಬ್ಬರಿಗೂ ಅದು ನೆನಪಾಗಿರಲಿಲ್ಲ. ಸೈರಗುಲ್ ಆ ಹಿರಿಯರ ಬೆನ್ನ ಹಿಂದೆ ನಿಂತು ತಲಾಂತ್‌ನ ಅಪ್ಪನ ಹೆಸರನ್ನು ತುಟಿಯಲ್ಲೇ ತೋರಿಸುತ್ತಿದ್ದರು, "ಬೈಸಲ್, ಬೈಸಲ್."

ಕಾಗದದ ಮೇಲೆ ಬೇರೊಬ್ಬನಾಗುವುದು ಬೇರೆ, ಅಕ್ಕ. ಇನ್ನೊಬ್ಬರ ಸತ್ತವರನ್ನು ನನ್ನವರೆಂದು ಹೇಗೆ ಕರೆಯಲಿ? "ನಾನು ತಲಾಂತ್ ಅಲ್ಲ ತಾತ. ಎರ್ಮೆಕ್. ಕಾಲೇಜಿನವನೂ ಅಲ್ಲ," ಎಂದೆ. ಅಪ್ಪ ಸಾದಿರ್‌ನಿಂದ ಶುರುಮಾಡಿ ಏಳೂ ಹೆಸರು ಹೇಳಿದೆ.

ಹಿರಿಯರು ಹರಸಿದರು. ಅಧಿಕಾರಿ ಕಡತ ಮುಚ್ಚಿದ. ಹಣ ಆಚೆ ಕಣಿವೆಯ ಕಾಲೇಜಿಗೆ ಹೋಯಿತೆಂದು ಮೊನ್ನೆ ತಿಳಿಯಿತು.

ಈಗ ಊರಲ್ಲಿ ಯಾರ ಮನೆಗೂ ಹೋಗುವ ಹಾಗಿಲ್ಲ. ಅಸಾನಣ್ಣನ ಹೆಂಡತಿ ಬಾಗಿಲಲ್ಲೇ, "ಸತ್ಯವಂತರು ಬಂದ್ರು, ರೊಟ್ಟಿ ಮುಚ್ಚಿಡ್ರೋ," ಅಂದಳು. ಅವನು ಮಾತ್ರ ಚಹಾ ಬಗ್ಗಿಸಿ ಕೊಟ್ಟ.

"ಕೋಪ ಇದ್ರೆ ಬೈದುಬಿಡಣ್ಣ."

"ಕೋಪ ಇಲ್ಲ ಕಣೋ. ಸುಸ್ತಾಗಿದೆ ಅಷ್ಟೆ."

ದೊಡ್ಡಿಗೆ ಮತ್ತೆ ಕುರಿಗಳನ್ನು ಕೂಡಿದ್ದಾರೆ. ಕಣಿವೆಯಾಚೆ ರಸ್ತೆ ಕೆಲಸಕ್ಕೆ ಆಳು ಬೇಕಂತೆ, ನಾನು ಹೆಸರು ಕೊಟ್ಟಿದ್ದೇನೆ. ನನಗೂ ಸುಸ್ತಾಗಿದೆ, ಅಕ್ಕ. ಹೇಳಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಹೇಳಿದ್ದರಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ ಎನ್ನುವುದೂ ನಿಜ.

ಭಾವನಿಗೆ ನಮಸ್ಕಾರ. ಮಕ್ಕಳ ಹಣೆಗೆ ನನ್ನ ಮುತ್ತು. ನಿಮ್ಮ ಹಿಂಡನ್ನು ತೋಳ ಮುಟ್ಟದಿರಲಿ.

ನಿನ್ನ
ಎರ್ಮೆಕ್

ಮತ್ತೆ: ಕುದುರೆ ಹಾಲಿನ ಕುಮಿಸ್ ತರಲು ಬೆಟ್ಟಕ್ಕೆ ಬರುವ ಲಾರಿಯವನು ಹೊರಗೆ ಕಾಯುತ್ತಿದ್ದಾನೆ, ಇದನ್ನು ಬರೆಯದೆ ಕೊಡಲಾರೆ. ಅಂದು ನಾನು ಹೇಳಿದ ಏಳು ಹೆಸರುಗಳಲ್ಲಿ ಮೊದಲನೆಯದೇ ಸರಿಯಿಲ್ಲ. ಸಾದಿರ್ ನನಗೆ ಅಪ್ಪನಲ್ಲ, ತಾತ. ಮದುವೆಗೆ ಮುಂಚೆ ನನ್ನನ್ನು ಹೆತ್ತವಳು ನೀನು. ಚೊಚ್ಚಲ ಮಗುವನ್ನು ಅಜ್ಜ-ಅಜ್ಜಿಗೆ ಕೊಡುವ ನಮ್ಮ ವಾಡಿಕೆಯಂತೆ ನಿನ್ನ ಅಪ್ಪ-ಅಮ್ಮನ ಮಡಿಲಿಗೆ ಕೊಟ್ಟೆ. ಅಮ್ಮ ಸಾಯುವ ಮುಂಚೆ ಹೇಳಿದಳು. ಅಪ್ಪ ಯಾರೆಂದು ಅವಳೂ ಬಾಯಿ ಬಿಡಲಿಲ್ಲ. ಊರಿನವರ ಅನ್ನ ಕಳೆದು ನಾನು ಹೇಳಿದ ಸತ್ಯ ಅಂಥದ್ದು. ನಿನ್ನ ಮನೆಗೆ ಬರುವುದಿಲ್ಲ, ಭಾವನಿಗೆ ಹೇಳುವುದೂ ಬೇಡ. ನನ್ನ ಅಪ್ಪನ ಆ ಒಂದು ಹೆಸರು ಬರೆದು ಇದೇ ಲಾರಿಯವನ ಕೈಲಿ ಕಳಿಸು, ಅವನು ರಸ್ತೆ ಕೆಲಸದ ಜಾಗಕ್ಕೆ ಮುಟ್ಟಿಸುತ್ತಾನೆ. ನಾನು ನಾಳೆ ಬೆಳಿಗ್ಗೆ ಹೊರಡುತ್ತೇನೆ.