ಬ್ರಾನ್‌ನ ಹದಿಮೂರು ಜಡೆ

ಪ್ರೀತಿಯ ಗ್ವೆನ್ನೋ ಅತ್ತೆಗೆ,

ಮೊದಲು ಒಳ್ಳೆಯ ಸುದ್ದಿ. ಚಳಿಗಾಲದಲ್ಲಿ ಹಾರಿಸಲು ಹೋದಾಗ ನಿಮ್ಮನ್ನು ಬೀಳಿಸಿ ಸೊಂಟ ಮುರಿದ ಆ ಮರದ ಗೇಟನ್ನು ನಿಮ್ಮ ಕುದುರೆ ಬ್ರಾನ್ ಇವತ್ತು ಮೂರು ಸಲ ಹಾರಿದ, ನಾನು ಬೆನ್ನ ಮೇಲಿದ್ದಾಗಲೇ. ಹಾಗಾಗಿ ನಾಳೆ ಬೇಲಿ, ಗೇಟು ಹಾರಿಸುವ ನಮ್ಮ ಮೊದಲ ವರ್ಕಿಂಗ್ ಹಂಟರ್ ಸ್ಪರ್ಧೆಗೆ ಹೋಗುತ್ತಿದ್ದೇವೆ.

ಇನ್ನು ನನ್ನ ದಡ್ಡತನ. ಚೆಂದ ಕಾಣಲೆಂದು ಮಧ್ಯಾಹ್ನವೆಲ್ಲ ನಿಂತು ಅವನ ಕತ್ತಿನ ಕೂದಲಿಗೆ ಹದಿಮೂರು ಜಡೆ ಹೆಣೆದೆ. ಬಾಲಕ್ಕೂ ಕತ್ತರಿ ಎತ್ತಿದ್ದೆ, ಅಷ್ಟರಲ್ಲಿ ಪಕ್ಕದ ಮನೆಯ ಮುದುಕ ಇಡ್ವಾಲ್ ಬೇಲಿಯಾಚೆಯಿಂದ ಕೂಗಿದರು: "ಏ ಮೆರೆರಿಡ್, ನಿಲ್ಸೇ! ನಮ್ ವೆಲ್ಶ್ ಪೋನಿಗೆ ಯಾರಾದ್ರೂ ಜಡೆ ಹಾಕ್ತಾರಾ? ಬೆಟ್ಟದಲ್ಲಿ ಹೆಂಗಿರ್ತಾವೋ ಹಂಗೇ ತೋರಿಸ್ಬೇಕು ಕಣೇ. ನಿಮ್ಮತ್ತೆಗೆ ಗೊತ್ತಾದ್ರೆ ಆಸ್ಪತ್ರೆಯಿಂದ ಎದ್ದು ಓಡಿ ಬರ್ತಾಳೆ!"

ಬಾಲ ಉಳಿಯಿತು. ಜಡೆ ಬಿಚ್ಚಿ ಮೂರು ಬಕೆಟ್ ನೀರು ಸುರಿದರೂ ಕೂದಲು ಗುಂಗುರಾಗಿಯೇ ನಿಂತಿದೆ. ಏನು ಮಾಡಬೇಕೆಂದು ಈ ಪತ್ರ ತರುವ ಇಡ್ವಾಲ್ ಹತ್ತಿರವೇ ಹೇಳಿ ಕಳಿಸಿ.

ಇನ್ನೊಂದು ಮಾತು. ನೀವು ಬಿದ್ದ ಮೇಲೆ ಬ್ರಾನ್‌ನನ್ನು ಮಾರಲು ಒಪ್ಪಿದಿರಲ್ಲ, ಅವನನ್ನು ಕೊಳ್ಳಲು ಸೋಮವಾರ ಬರಬೇಕಿದ್ದವರಿಗೆ ಬರಬೇಡಿ ಎಂದುಬಿಟ್ಟೆ, ನಿಮ್ಮನ್ನು ಕೇಳದೆಯೇ. ಅದಕ್ಕೆ ಬೈಯಲಿಕ್ಕಾದರೂ ನಾಳೆ ಬನ್ನಿ. ಎರಡು ಗಂಟೆ ಹೊತ್ತು ಹೊರಗೆ ಬಿಡುತ್ತೇವೆ ಎಂದು ನರ್ಸ್ ಒಪ್ಪಿದ್ದಾರೆ. ನಿಮ್ಮ ಗಾಲಿಕುರ್ಚಿಗೆ ಮೈದಾನದಲ್ಲಿ ಅವನು ಹಾರಬೇಕಾದ ಗೇಟಿನ ಎದುರಿಗೇ ಜಾಗ ಹಿಡಿದಿಟ್ಟಿದ್ದೇನೆ.

ನಿಮ್ಮ
ಮೆರೆರಿಡ್